ಟೋಕನ್ ಕೂಗುವ ಪೈಥಾನ್ ಪ್ರೋಗ್ರಾಮ್: ಪದಗಳ ನಡುವೆ "ಟಪ್", ಒಮ್ಮೊಮ್ಮೆ ಪೂರ್ತಿ "ಸರ್ರ್"

ತೋಟದಮನೆ:

ಎಲ್ಲರಿಗೂ ನಮಸ್ಕಾರ. ಎರಡು ವಾರ ಒದ್ದಾಡಿ ಸಾಕಾಗಿ ಇಲ್ಲಿಗೆ ಬಂದಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಮ್ಮೂರ ಸೊಸೈಟಿಯಲ್ಲಿ ಗೊಬ್ಬರ ಬಂದ ದಿನ ಜಾತ್ರೆ. ಯಾರು ಮೊದಲು ಬಂದರು ಅಂತ ಬೆಳಿಗ್ಗೆಯಿಂದಲೇ ಜಗಳ. ಟೋಕನ್ ಕೊಟ್ಟು ನಂಬರ್ ಕೂಗಿಸಿದರೆ ಸರಿಹೋಗುತ್ತದೆ ಅಂತ ನಾನೇ ಬಾಯಿ ಹಾಕಿ ಸಿಕ್ಕಿಹಾಕಿಕೊಂಡೆ. ಮನೆಯಲ್ಲಿ ಸುಮ್ನೆ ಬಿದ್ದಿದ್ದ ರಾಸ್ಪ್‌ಬೆರಿ ಪೈ 3 ಅನ್ನುವ ಪುಟ್ಟ ಕಂಪ್ಯೂಟರ್, ಅದರಲ್ಲಿ ಪೈಥಾನ್ ಭಾಷೆ, ಶಬ್ದ ನುಡಿಸಲು ಅದರದೇ ಪೈಆಡಿಯೊ ಲೈಬ್ರರಿ. ಅತ್ತಿಗೆ ಸಂಖ್ಯೆಗಳನ್ನು ಹೇಳಿದರು, ನಾನು ರೆಕಾರ್ಡ್ ಮಾಡಿದೆ. ಒಂದೊಂದು ಪದಕ್ಕೆ ಒಂದೊಂದು ವೇವ್ ಫೈಲ್. "ಟೋಕನ್ ಸಂಖ್ಯೆ", "ಮುನ್ನೂರ", "ಇಪ್ಪತ್ತೊಂದು", "ಕೌಂಟರ್", "ಎರಡು", ಹೀಗೆ. ಕೆಲವು ಫೋನಿನ ಆ್ಯಪ್‌ನಿಂದ ನೇರವಾಗಿ ಬಂದವು, ಕೆಲವನ್ನು ಎಫ್‌ಎಫ್‌ಎಂಪೆಗ್ ಅನ್ನುವ ಫಾರ್ಮ್ಯಾಟ್ ಬದಲಾಯಿಸುವ ಪ್ರೋಗ್ರಾಮ್‌ನಲ್ಲಿ ಬದಲಾಯಿಸಿದೆ, ಇನ್ನು ಕೆಲವನ್ನು ಲ್ಯಾಪ್‌ಟಾಪ್‌ನಲ್ಲಿ ಎಡಿಟ್ ಮಾಡಿ ಹಿಂದೆ ಮುಂದೆ ಕತ್ತರಿಸಿದೆ. ಎಲ್ಲವೂ ಒಂದೇ ಚಾನೆಲ್, 16 ಬಿಟ್, ಸೆಕೆಂಡಿಗೆ 22050 ಸ್ಯಾಂಪಲ್ (ಸ್ಯಾಂಪಲ್ ಅಂದ್ರೆ ಧ್ವನಿಯ ಅಲೆಯ ಒಂದು ಅಳತೆ). ಇದನ್ನು ಮೂರು ಸಲ ನೋಡಿದ್ದೇನೆ, ದಯವಿಟ್ಟು ಮತ್ತೆ ಕೇಳಬೇಡಿ.

ಪ್ರೋಗ್ರಾಮ್ ಏನು ಮಾಡುತ್ತದೆ ಅಂದ್ರೆ, ಬೇಕಾದ ಫೈಲ್‌ಗಳನ್ನು ಬೈನರಿಯಾಗಿ ತೆರೆದು, ಇದ್ದಬದ್ದ ಬೈಟ್‌ಗಳನ್ನೆಲ್ಲ ಓದಿ, ಒಂದರ ಹಿಂದೆ ಒಂದು ಅಂಟಿಸಿ, 1024 ಫ್ರೇಮ್‌ನಂತೆ (ನನ್ನ ಫೈಲ್‌ಗಳಲ್ಲಿ ಒಂದು ಫ್ರೇಮ್ ಅಂದ್ರೆ ಒಂದು ಸ್ಯಾಂಪಲ್) ಸೌಂಡ್ ಕಾರ್ಡಿಗೆ ಹೋಗುವ ಸ್ಟ್ರೀಮ್‌ಗೆ ಬರೆಯುತ್ತದೆ. ಪೈಥಾನ್‌ನದೇ ವೇವ್ ಮಾಡ್ಯೂಲ್ ಯಾಕೆ ಬಳಸಲಿಲ್ಲ ಅಂದ್ರೆ ಕೆಲವು ಫೈಲ್‌ಗಳಿಗೆ ಅದು "ಗೊತ್ತಿಲ್ಲದ ಫಾರ್ಮ್ಯಾಟ್ 65534" ಅಂತ ಎರರ್ ಕೊಟ್ಟು ಕೂತುಬಿಡುತ್ತದೆ. ಹಾಗಾಗಿ ಅದರ ಸಹವಾಸ ಬೇಡ ಅಂತ ನೇರವಾಗಿ ಓದಿದೆ.

ಈಗ ಆಗುತ್ತಿರುವುದು ಇದು. ಪ್ರತಿ ಪದ ಶುರುವಾಗುವ ಮುಂಚೆ "ಟಪ್" ಅನ್ನುತ್ತದೆ. ಕೆಲವು ಸಲ ಮಾತಿನ ನಡುವೆ ಹುರಿದ ಹಾಗೆ "ಚರಚರ". 300ರ ಮೇಲಿನ ಕೆಲವು ಟೋಕನ್‌ಗಳಲ್ಲಿ "ಮುನ್ನೂರ" ಅಂದಾದ ಮೇಲೆ ಉಳಿದದ್ದೆಲ್ಲ ಬರೀ "ಸರ್ರ್ರ್", ಮಾತೇ ಕೇಳುವುದಿಲ್ಲ. ಇದರ ಜೊತೆ ಆಂಪ್ಲಿಫೈಯರ್‌ಗೆ ಹಾಕಿದಾಗಿನಿಂದ ಹಿಂದೆ ಯಾವಾಗಲೂ "ಗುಂಯ್" ಅಂತ ಒಂದು ಇದ್ದೇ ಇರುತ್ತದೆ. ಒಂದೊಂದೇ ಫೈಲನ್ನು ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾಕಿದರೆ ಎಲ್ಲ ಶುದ್ಧ. ಎಲ್ಲಿ ತಪ್ಪಿದೆ?

ಕೀಲಿಮಣೆ:

ಬಫರ್ (ನುಡಿಸುವ ಮುಂಚೆ ಧ್ವನಿ ತುಂಬಿಟ್ಟುಕೊಳ್ಳುವ ಜಾಗ) ಸಾಲದು. 1024 ತೆಗೆದು 8192 ಮಾಡಿ. ನಂಗೂ ಹೀಗೇ ಆಗಿತ್ತು.

ಹೆಕ್ಸ್‌ರಾಯ:

ಮೊದಲು ಒಂದು ಮಾತು. ನಿಮ್ಮ ಪ್ರಶ್ನೆಯಲ್ಲಿ ನನಗೆ ಇಷ್ಟ ಆಗಿದ್ದು ಆ ನಾಲ್ಕು ಶಬ್ದ. ಇಲ್ಲಿಗೆ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ "ನಾಯ್ಸ್ ಬರ್ತಿದೆ ಸರ್" ಅಂತ ಒಂದೇ ಸಾಲು ಬರೆದು ಹೋಗುತ್ತಾರೆ. ಟಪ್ ಬೇರೆ, ಚರಚರ ಬೇರೆ, ಸರ್ರ್ ಬೇರೆ, ಗುಂಯ್ ಬೇರೆ. ನಿಮ್ಮ ಹತ್ತಿರ ಇರುವುದು ಒಂದು ತೊಂದರೆ ಅಲ್ಲ, ನಾಲ್ಕು. ಒಂದೇ ಔಷಧಿಗೆ ನಾಲ್ಕೂ ಹೋಗುವುದಿಲ್ಲ, ಬಫರ್ ದೊಡ್ಡದು ಮಾಡಿದರಂತೂ ಟಪ್ ಜಪ್ಪಯ್ಯ ಅಂದರೂ ಹೋಗುವುದಿಲ್ಲ.

ಟಪ್ ಯಾಕೆ ಅಂತ ಹೇಳುತ್ತೇನೆ. ವೇವ್ ಫೈಲ್ ಅಂದ್ರೆ ಬರೀ ಧ್ವನಿ ಅಲ್ಲ. ಮೇಲೆ ಒಂದು ಹೆಡರ್ ಇರುತ್ತದೆ, ಎಷ್ಟು ಚಾನೆಲ್, ಎಷ್ಟು ಬಿಟ್, ಎಷ್ಟು ದರ ಅಂತ ಬರೆದ ಲೇಬಲ್. ಐಬಿಎಂ, ಮೈಕ್ರೋಸಾಫ್ಟ್ ಸೇರಿ 1991ರಲ್ಲಿ ತಂದ ರಿಫ್ ಅನ್ನುವ ಡಬ್ಬದ ಒಳಗೆ ಇದು ಬರುತ್ತದೆ. ಡಬ್ಬದ ಮೊದಲ ನಾಲ್ಕು ಬೈಟ್‌ನಲ್ಲಿ ಆರ್, ಐ, ಎಫ್, ಎಫ್ ಅನ್ನುವ ಇಂಗ್ಲಿಷ್ ಅಕ್ಷರಗಳೇ ಕೂತಿರುತ್ತವೆ. ನೀವು ಇದ್ದಬದ್ದ ಬೈಟ್‌ಗಳನ್ನೆಲ್ಲ ಸ್ಟ್ರೀಮ್‌ಗೆ ಸುರಿದರೆ ಸೌಂಡ್ ಕಾರ್ಡಿಗೆ ಅದು ಅಕ್ಷರ ಅಂತ ಹೇಗೆ ಗೊತ್ತಾಗಬೇಕು? ಅದು ಎರಡೆರಡು ಬೈಟ್ ತೆಗೆದುಕೊಂಡು ಸ್ಯಾಂಪಲ್ ಅಂತ ನುಡಿಸುತ್ತದೆ.

ಲೆಕ್ಕ ಹಾಕಿ ನೋಡಿ, ಮಜಾ ಇದೆ. ಆರ್ ಅಂದ್ರೆ 82, ಐ ಅಂದ್ರೆ 73. ಚಿಕ್ಕ ಬೈಟ್ ಮೊದಲು ಬರುವ ಕ್ರಮ ಇದು, ಹಾಗಾಗಿ 73 ಇಂಟು 256 ಕೂಡು 82, ಒಟ್ಟು 18770. ಮುಂದಿನ ಎರಡು ಎಫ್ ಸೇರಿ 17990. 16 ಬಿಟ್‌ನಲ್ಲಿ ಹೋಗಬಹುದಾದ ಗರಿಷ್ಠ 32767. ಅಂದ್ರೆ ನಿಶ್ಶಬ್ದವಾಗಿ ಸೊನ್ನೆಯಲ್ಲಿ ಕೂತಿದ್ದ ಸ್ಪೀಕರ್ ಕೋನು (ಅಲುಗಾಡಿ ಶಬ್ದ ಹೊರಡಿಸುವ ಪರದೆ) ಒಂದೇ ಏಟಿಗೆ ಅರ್ಧಕ್ಕಿಂತ ಜಾಸ್ತಿ ಮುಂದೆ ಜಿಗಿಯುತ್ತದೆ. ಸಾಮಾನ್ಯ ಹೆಡರ್ 44 ಬೈಟ್, ಅಂದ್ರೆ 22 ಸ್ಯಾಂಪಲ್, ನಿಮ್ಮ ದರದಲ್ಲಿ ಹೆಚ್ಚುಕಡಿಮೆ 1 ಮಿಲಿಸೆಕೆಂಡ್. ಒಂದು ಮಿಲಿಸೆಕೆಂಡಿನ ಜಿಗಿತ ಕಿವಿಗೆ ಟಪ್ ಅಂತಲೇ ಕೇಳುವುದು. ವಿಎಲ್‌ಸಿ ಹೆಡರ್ ಓದಿಕೊಂಡು ಅದನ್ನು ಬಿಟ್ಟು ನುಡಿಸುತ್ತದೆ, ಅದಕ್ಕೇ ಅಲ್ಲಿ ಶುದ್ಧ.

ಹೆಡರ್ ತೆಗೆದು ಅಂಟಿಸಿ ನೋಡಿ, ಆಮೇಲೆ ಉಳಿದದ್ದು ಮಾತಾಡೋಣ.

ತೋಟದಮನೆ:

ಹೆಕ್ಸ್‌ರಾಯ ಸರ್, ಕೈ ಮುಗಿದೆ. ಪ್ರತಿ ಫೈಲಿನ ಮೊದಲ 44 ಬೈಟ್ ಬಿಟ್ಟು ಓದಿದೆ. ಮುಕ್ಕಾಲು ಭಾಗ ಟಪ್ ಹೋಯಿತು! ಆದರೆ ಪೂರ್ತಿ ಹೋಗಲಿಲ್ಲ. "ಇಪ್ಪತ್ತು", "ನಲವತ್ತೈದು", "ಕೌಂಟರ್", ಇನ್ನೂ ಒಂದು ಮೂವತ್ತು ಪದಗಳಲ್ಲಿ ಹಾಗೇ ಇದೆ. ಸ್ವಲ್ಪ ಚಿಕ್ಕದಾಗಿದೆ, ಟಪ್ ಹೋಗಿ ಟಿಕ್ ಆಗಿದೆ ಅನ್ನಬಹುದು. ಇನ್ನು ಕೆಲವು ಪದಗಳಿಗೆ ಕೊನೆಯಲ್ಲಿ ಟಿಕ್. ಮೊದಲೂ ಇತ್ತೋ ಏನೋ, ಆ ಗಲಾಟೆಯಲ್ಲಿ ಗೊತ್ತಾಗಿರಲಿಲ್ಲ.

ಹೆಕ್ಸ್‌ರಾಯ:

ಅಯ್ಯೋ, 44 ಅಂತ ಸಂಖ್ಯೆ ಹೇಳಿದ್ದು ನನ್ನದೇ ತಪ್ಪು. ಹೆಡರ್ ಯಾವಾಗಲೂ 44 ಇರುತ್ತದೆ ಅಂತ ಇಂಟರ್ನೆಟ್ಟಿನಲ್ಲಿ ಅರ್ಧ ಜನ ಬರೆದಿದ್ದಾರೆ. ಅದು ಅತಿ ಸರಳ ಫೈಲಿನ ಲೆಕ್ಕ (ಚಂಕ್ ಅಂದ್ರೆ ಡಬ್ಬದೊಳಗಿನ ಒಂದೊಂದು ಖಾನೆ): ರಿಫ್ ತಲೆ 12, ಫಾರ್ಮ್ಯಾಟ್ ಚಂಕ್ 24, ಡೇಟಾ ಚಂಕಿನ ಹೆಸರು ಮತ್ತು ಉದ್ದ 8. ಕೂಡಿದರೆ 44.

ನಿಮ್ಮ 65534ರ ಫೈಲ್‌ಗಳು ಎಕ್ಸ್‌ಟೆನ್ಸಿಬಲ್ ಅನ್ನುವ ಬಗೆ. ಒಳಗಿರುವುದು ಅದೇ ಮಾಮೂಲಿ ಪಿಸಿಎಂ ಧ್ವನಿ, ಅಂದ್ರೆ ಸಾಲಾಗಿ ಬರೆದ ಸ್ಯಾಂಪಲ್‌ಗಳು, ಆದರೆ ಫಾರ್ಮ್ಯಾಟ್ ಚಂಕಿನ ಒಳಗಿನ ವಿವರ 16 ಬೈಟ್ ಬದಲು 40 ಬೈಟ್. ಅಲ್ಲಿಗೆ ಹೆಡರ್ 68 ಆಯಿತು. ಎಫ್‌ಎಫ್‌ಎಂಪೆಗ್ ಮುಟ್ಟಿದ ಫೈಲ್‌ಗಳು ಇನ್ನೊಂದು ಕಥೆ. ಅದು ಸುಮ್ನೆ ಇರದೆ ಫಾರ್ಮ್ಯಾಟ್ ಮತ್ತು ಡೇಟಾ ನಡುವೆ ಲಿಸ್ಟ್ ಅನ್ನುವ ಚಂಕ್ ಸೇರಿಸಿ ತನ್ನ ಹೆಸರು, ಆವೃತ್ತಿ ಬರೆದುಕೊಳ್ಳುತ್ತದೆ. ಸಾಮಾನ್ಯವಾಗಿ ಅದಕ್ಕೆ 34 ಬೈಟ್. 44 ಕೂಡು 34, 78. ನೀವು 44 ಬಿಟ್ಟರೆ ಉಳಿದ 34 ಬೈಟ್, ಅಂದ್ರೆ 17 ಸ್ಯಾಂಪಲ್ ಹಾಗೇ ನುಡಿಯುತ್ತದೆ. ಇಂಗ್ಲಿಷ್ ಅಕ್ಷರಗಳೆಲ್ಲ 65ರಿಂದ 122ರ ಒಳಗೆ ಬರುತ್ತವೆ, ಅವು ಮೇಲಿನ ಬೈಟ್ ಆಗಿ ಕೂತರೆ ಸ್ಯಾಂಪಲ್ ಬೆಲೆ 16 ಸಾವಿರದ ಮೇಲೆಯೇ. ಅಕ್ಷರ ಯಾವುದೇ ಇರಲಿ, ಜಿಗಿತ ಗ್ಯಾರಂಟಿ.

ಕೊನೆಯ ಟಿಕ್‌ಗೂ ಇದೇ ಕಾರಣ. ಕೆಲವು ಎಡಿಟರ್‌ಗಳು ಹಾಡಿನ ಹೆಸರು, ಹಾಡಿದವರು, ವರ್ಷ ಇವನ್ನೆಲ್ಲ ಧ್ವನಿ ಮುಗಿದ ಮೇಲೆ ಫೈಲಿನ ಬಾಲಕ್ಕೆ ಕಟ್ಟುತ್ತವೆ. ನೀವು ಬಾಲವನ್ನೂ ನುಡಿಸುತ್ತಿದ್ದೀರಿ.

ಹಾಗಾಗಿ ಬೈಟ್ ಎಣಿಸಿ ಬಿಡುವುದನ್ನು ಬಿಡಿ. ಸರಿಯಾದ ಕ್ರಮ ಏನಂದ್ರೆ, ಮೊದಲ 12 ಬೈಟ್ ಆದ ಮೇಲೆ ಒಂದೊಂದೇ ಚಂಕ್ ನೋಡುತ್ತಾ ಹೋಗಬೇಕು. ಪ್ರತಿ ಚಂಕಿಗೂ ನಾಲ್ಕು ಬೈಟಿನ ಹೆಸರು, ನಾಲ್ಕು ಬೈಟಿನ ಉದ್ದ. ಹೆಸರು ಡೇಟಾ ಅಲ್ಲದಿದ್ದರೆ ಉದ್ದದಷ್ಟು ಹಾರಿ ಮುಂದಕ್ಕೆ, ಉದ್ದ ಬೆಸವಾಗಿದ್ದರೆ ಇನ್ನೊಂದು ಬೈಟ್ ಜಾಸ್ತಿ ಹಾರಬೇಕು. ಡೇಟಾ ಸಿಕ್ಕರೆ ಅದರಲ್ಲಿ ಹೇಳಿದಷ್ಟೇ ಬೈಟ್ ಓದಿ, ಒಂದು ಹೆಚ್ಚಿಲ್ಲ ಒಂದು ಕಡಿಮೆ ಇಲ್ಲ. ವೇವ್ ಮಾಡ್ಯೂಲ್ ಮಾಡುವುದು ಇಷ್ಟನ್ನೇ. ನೀವು ಸಹವಾಸ ಬೇಡ ಅಂತ ಬಿಟ್ಟಿರಲ್ಲ, ಅದೇ ಈ ಎರಡು ವಾರದ ಬೆಲೆ :) ಪೈಥಾನ್ 3.12ರಿಂದ ಅದು ಎಕ್ಸ್‌ಟೆನ್ಸಿಬಲ್ ಪಿಸಿಎಂ ಕೂಡ ಓದುತ್ತದೆ. ಹಳೇ ಪೈಥಾನ್ ಇದ್ದರೆ ಎಲ್ಲ ಫೈಲನ್ನೂ ಒಂದೇ ಸಲ ಒಂದೇ ರೀತಿಗೆ ಬದಲಾಯಿಸಿಕೊಳ್ಳಿ. ಎಫ್‌ಎಫ್‌ಎಂಪೆಗ್‌ಗೆ ಬಿಟ್‌ಎಕ್ಸಾಕ್ಟ್ ಅನ್ನುವ ಆಯ್ಕೆ ಕೊಟ್ಟರೆ ತನ್ನ ಹೆಸರು ಬರೆದುಕೊಳ್ಳುವುದಿಲ್ಲ.

(ಕೋಡ್ ಹಾಕಲಿಲ್ಲ ಅಂತ ಬೈಯಬೇಡಿ, ಬಸ್ಸಿನಲ್ಲಿ ಕೂತು ಫೋನಿನಲ್ಲಿ ಬರೆಯುತ್ತಿದ್ದೇನೆ.)

ತೋಟದಮನೆ:

ಪೈಯಲ್ಲಿ ಇರುವುದು 3.9. ಹಾಗಾಗಿ ಎಲ್ಲವನ್ನೂ ಬದಲಾಯಿಸುತ್ತೇನೆ. ಆದರೆ ಸರ್, ಆ "ಸರ್ರ್" ಇದೆಯಲ್ಲ, ಅದಕ್ಕೆ ಇದು ಉತ್ತರ ಆಗಲ್ಲ ಅಲ್ವಾ? ಟೋಕನ್ 321 ಕೂಗಿಸಿದರೆ "ಟೋಕನ್ ಸಂಖ್ಯೆ ಮುನ್ನೂರ" ಸರಿಯಾಗಿ ಬರುತ್ತದೆ, "ಇಪ್ಪತ್ತೊಂದು ಕೌಂಟರ್ ಎರಡು" ಪೂರ್ತಿ ಸರ್ರ್. ಅದೇ "ಇಪ್ಪತ್ತೊಂದು" 121ರಲ್ಲಿ ಚೆನ್ನಾಗಿ ಬರುತ್ತದೆ. ಆ ಫೈಲನ್ನು ಎರಡು ಸಲ ಮತ್ತೆ ರೆಕಾರ್ಡ್ ಮಾಡಿಸಿದೆ, ಅತ್ತಿಗೆ ಈಗ ನನ್ನ ಕಂಡರೆ ಅಡುಗೆಮನೆಗೆ ಹೋಗುತ್ತಾರೆ.

ಬಿಟ್‌ಬೆಲ್ಲ:

ಅತ್ತಿಗೆಯವರನ್ನು ಬಿಟ್ಟುಬಿಡಿ, ಅವರದ್ದೇನೂ ತಪ್ಪಿಲ್ಲ. "ಇಪ್ಪತ್ತೊಂದು" ಫೈಲಿನದ್ದೂ ತಪ್ಪಿಲ್ಲ. ಕಳ್ಳ "ಮುನ್ನೂರ". ಆ ಫೈಲಿನ ಸೈಜ್ ಎಷ್ಟು ಬೈಟ್ ಅಂತ ನೋಡಿ. ಬೆಸ ಸಂಖ್ಯೆ ಇರುತ್ತದೆ ಅಂತ ನನ್ನ ಅಂದಾಜು.

ಯಾಕೆ ಅಂದ್ರೆ, 16 ಬಿಟ್ ಸ್ಯಾಂಪಲ್ ಅಂದ್ರೆ ಎರಡು ಬೈಟ್. ಒಂದನ್ನು ರೂಪಾಯಿ, ಇನ್ನೊಂದನ್ನು ಪೈಸೆ ಅಂದುಕೊಳ್ಳಿ. ಇಲ್ಲಿ ಒಂದು ರೂಪಾಯಿಗೆ 256 ಪೈಸೆ, ಅಷ್ಟೇ ವ್ಯತ್ಯಾಸ. ಫೈಲಿನಲ್ಲಿ ಪೈಸೆ, ರೂಪಾಯಿ, ಪೈಸೆ, ರೂಪಾಯಿ ಅಂತ ಸಾಲಾಗಿ ಬರುತ್ತದೆ. ಮಾತಾಡುವಾಗ ರೂಪಾಯಿ ನಿಧಾನಕ್ಕೆ ಏರುತ್ತದೆ, ಇಳಿಯುತ್ತದೆ. ಪೈಸೆ ಮಾತ್ರ ಹುಚ್ಚು ಹಿಡಿದ ಹಾಗೆ ಕುಣಿಯುತ್ತಿರುತ್ತದೆ, ಆದರೆ ಅದು ಪೈಸೆ ಆದ್ದರಿಂದ ಯಾರಿಗೂ ಕೇಳುವುದಿಲ್ಲ. ಈಗ ಎಲ್ಲೋ ಒಂದು ಬೈಟ್ ಜಾಸ್ತಿ ನುಸುಳಿತು ಅಂದುಕೊಳ್ಳಿ. ಅಲ್ಲಿಂದ ಮುಂದೆ ಪೈಸೆಯ ಜಾಗದಲ್ಲಿ ರೂಪಾಯಿ, ರೂಪಾಯಿಯ ಜಾಗದಲ್ಲಿ ಪೈಸೆ. ಆ ಹುಚ್ಚು ಕುಣಿತ ಪೂರ್ತಿ ವಾಲ್ಯೂಮ್‌ನಲ್ಲಿ ಹೊರಗೆ ಬರುತ್ತದೆ. ಅದೇ ನಿಮ್ಮ ಸರ್ರ್. ಮುಂದೆ ಇನ್ನೊಂದು ಬೆಸ ಫೈಲ್ ಬಂದು ಸರಿ ಮಾಡುವವರೆಗೂ ಅದು ನಿಲ್ಲುವುದಿಲ್ಲ. ಆದ್ದರಿಂದ ಯಾವ ಪದ ಕೆಟ್ಟು ಕೇಳುತ್ತದೋ ಅದನ್ನು ನೋಡಬೇಡಿ, ಅದರ ಹಿಂದಿನದನ್ನು ನೋಡಿ.

ನಾನು ಒಮ್ಮೆ ಸ್ಟ್ರೀಮ್‌ನಿಂದ 1023 ಬೈಟ್‌ನಂತೆ ಓದುವ ಪ್ರೋಗ್ರಾಮ್ ಬರೆದು, ಒಂದು ತುಂಡು ಮಾತು, ಒಂದು ತುಂಡು ಸರ್ರ್, ಒಂದು ತುಂಡು ಮಾತು ಅಂತ ಕೇಳಿಸಿಕೊಂಡು, ಹೊಸ ಹೆಡ್‌ಫೋನ್ ಕೊಂಡವನು. ಹೆಡ್‌ಫೋನ್ ಚೆನ್ನಾಗಿದೆ, ಈಗಲೂ ಇದೆ.

ತೋಟದಮನೆ:

61,543 ಬೈಟ್!!! "ಮುನ್ನೂರ" ಫೈಲ್ ಮಾತ್ರ ಬೆಸ. ಉಳಿದ ಎಲ್ಲ ಸಮ.

ಅದನ್ನು ಲ್ಯಾಪ್‌ಟಾಪ್‌ನಲ್ಲಿ ಕತ್ತರಿಸುವಾಗ ಯಾವುದೋ ಚಿಕ್ಕ ಎಡಿಟರ್ ಬಳಸಿದ್ದೆ, ಅದರಲ್ಲಿ ಶೀರ್ಷಿಕೆ ಕೇಳಿತು, ನಾನು ಏನೋ ಬರೆದಿದ್ದೆ. ಫೈಲಿನ ಬಾಲದಲ್ಲಿ ಆ ಅಕ್ಷರಗಳು ಕಾಣುತ್ತಿವೆ. ಬೆಸ ಆದರೆ ಒಂದು ಬೈಟ್ ಜಾಸ್ತಿ ಸೇರಿಸಬೇಕು ಅನ್ನುವ ನಿಯಮ ಅದಕ್ಕೆ ಗೊತ್ತಿರಲಿಲ್ಲ ಅನ್ನಿಸುತ್ತದೆ. ಡೇಟಾ ಚಂಕ್ ಮಾತ್ರ ಓದುವ ಹಾಗೆ ಮಾಡಿದ ಮೇಲೆ ಸರ್ರ್ ಮಂಗಮಾಯ. ಅತ್ತಿಗೆಗೆ ಹೇಳಿದೆ, ನಿಮ್ಮ ಧ್ವನಿಯ ತಪ್ಪಲ್ಲ ಅಂತ. "ನಾನು ಅವತ್ತೇ ಹೇಳಲಿಲ್ವಾ" ಅಂದರು.

ಕೀಲಿಮಣೆ:

ಚರಚರ ಇನ್ನೂ ಇದೆಯಾ? ಯಾಕೆ ಕೇಳಿದೆ ಅಂದ್ರೆ ನನ್ನ ಬಫರ್ ಮಾತನ್ನು ಎಲ್ಲರೂ ಪಕ್ಕಕ್ಕೆ ತಳ್ಳಿದಿರಿ.

ತೋಟದಮನೆ:

ಇದೆ :( ಅದೂ ಯಾವಾಗಲೋ ಒಮ್ಮೆ, ಎಲ್ಲಿ ಬೇಕಾದರೆ ಅಲ್ಲಿ. ಮನೆಯಲ್ಲಿ ಹತ್ತು ಸಲ ಕೂಗಿಸಿದರೆ ಒಮ್ಮೆಯೂ ಬರುವುದಿಲ್ಲ, ಸೊಸೈಟಿಗೆ ಹೋದ ಕೂಡಲೇ ಬರುತ್ತದೆ.

ಹೆಕ್ಸ್‌ರಾಯ:

ಕೀಲಿಮಣೆಯವರೇ, ತಳ್ಳಿದ್ದು ಟಪ್ ವಿಷಯಕ್ಕೆ. ಇಲ್ಲಿ ನಿಮ್ಮ ಮಾತೇ ಸರಿ.

ನಾನು ಹೊಸಬರಿಗೆ ಯಾವಾಗಲೂ ಹೇಳುವುದು ಇದೊಂದನ್ನೇ: ಗಲೀಜು ಶಬ್ದ ಪ್ರತಿ ಸಲ ಅದೇ ಜಾಗದಲ್ಲಿ ಬಂದರೆ ತೊಂದರೆ ಬೈಟ್‌ಗಳಲ್ಲಿದೆ. ಪ್ರತಿ ಸಲ ಜಾಗ ಬದಲಾಯಿಸಿದರೆ ತೊಂದರೆ ಸಮಯದಲ್ಲಿದೆ. ಸೌಂಡ್ ಕಾರ್ಡ್ ಗಡಿಯಾರ ಇಟ್ಟುಕೊಂಡು ಊಟಕ್ಕೆ ಕೂತ ಹಾಗೆ, ಬಡಿಸುವವರು ಒಂದು ಕ್ಷಣ ತಡ ಮಾಡಿದರೆ ಎಲೆ ಖಾಲಿ. ಇದಕ್ಕೆ ಅಂಡರ್‌ರನ್ ಅನ್ನುತ್ತಾರೆ. 1024 ಫ್ರೇಮ್ ಅಂದ್ರೆ ನಿಮ್ಮ ದರದಲ್ಲಿ 46 ಮಿಲಿಸೆಕೆಂಡ್ ಅಷ್ಟೇ. 4096 ಮಾಡಿದರೆ 186 ಆಗುತ್ತದೆ. ಟೋಕನ್ ಕೂಗುವುದು ಇನ್ನೊಂದು 140 ಮಿಲಿಸೆಕೆಂಡ್ ತಡವಾದರೆ ಯಾರ ಗೊಬ್ಬರವೂ ಖಾಲಿ ಆಗುವುದಿಲ್ಲ, ಧಾರಾಳವಾಗಿ ಮಾಡಿ.

ಇನ್ನೊಂದು. ಪೈಆಡಿಯೊದಲ್ಲಿ ಬರೆಯುವಾಗ ಅಂಡರ್‌ಫ್ಲೋ ಆದರೆ ಎರರ್ ಕೊಡು ಅಂತ ನೀವಾಗಿ ಹೇಳದಿದ್ದರೆ ಅದು ಬಾಯಿ ಮುಚ್ಚಿಕೊಂಡಿರುತ್ತದೆ. ಆ ಆಯ್ಕೆ ಹಾಕಿ ಒಂದು ದಿನ ಓಡಿಸಿ, ಯಾವ ಹೊತ್ತಿನಲ್ಲಿ ಎರರ್ ಬರುತ್ತದೆ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಇಲ್ಲದ್ದು ಸೊಸೈಟಿಯಲ್ಲಿ ಏನಿದೆ? ಅಲ್ಲೇ ಉತ್ತರ ಇರುತ್ತದೆ.

ತೋಟದಮನೆ:

ಪ್ರಿಂಟರ್!

ಸೊಸೈಟಿಯಲ್ಲಿ ಅದೇ ಪೈಗೆ ಟೋಕನ್ ಪ್ರಿಂಟರ್ ಹಾಕಿದ್ದೇನೆ. ಒಬ್ಬರಿಗೆ ಟೋಕನ್ ಪ್ರಿಂಟ್ ಆಗುವಾಗಲೇ ಇನ್ನೊಬ್ಬರ ನಂಬರ್ ಕೂಗಿದರೆ ಚರಚರ. ಎರಡೂ ಒಂದೇ ಲೂಪಿನಲ್ಲಿತ್ತು, ಪ್ರಿಂಟರ್ ಮುಗಿಸುವವರೆಗೆ ಧ್ವನಿಗೆ ಬಡಿಸುವವರಿಲ್ಲ. ಪ್ರಿಂಟನ್ನು ಬೇರೆ ಥ್ರೆಡ್‌ಗೆ (ಅದರ ಪಾಡಿಗೆ ಪಕ್ಕದಲ್ಲಿ ಓಡುವ ಹಾಗೆ) ಹಾಕಿದೆ, ಪೂರ್ತಿ ವಾಕ್ಯವನ್ನು ಮೊದಲೇ ಮೆಮೊರಿಯಲ್ಲಿ ಜೋಡಿಸಿಕೊಂಡೆ, ಬಫರ್ 4096 ಮಾಡಿದೆ. ಇವತ್ತು ಬೆಳಿಗ್ಗೆಯಿಂದ ಒಂದೂ ಇಲ್ಲ. ಕೀಲಿಮಣೆಯವರಿಗೆ ಒಂದು ಕಾಫಿ ಬಾಕಿ.

ಉಳಿದದ್ದು ಎರಡು. ಗುಂಯ್. ಮತ್ತೆ ಪದಗಳು ಸೇರುವಲ್ಲಿ ತೀರಾ ಸಣ್ಣ ಟಿಕ್, ಹೆಡ್‌ಫೋನ್ ಹಾಕಿದರೆ ಮಾತ್ರ ಕೇಳುವಷ್ಟು. ಜೊತೆಗೆ ಕೂಗುವ ಮುಂಚೆ ಪ್ರತಿ ಸಲ ಸ್ಪೀಕರ್‌ನಲ್ಲಿ "ಧಡ್" ಅಂತ. ಅಂದ್ರೆ ಮೂರು ಆಯಿತಲ್ಲ.

ಸೋಲ್ಡರ್‌ಸುಬ್ಬ:

ಇಷ್ಟು ಹೊತ್ತು ಸುಮ್ಮನಿದ್ದೆ, ಇದು ನನ್ನ ಏರಿಯಾ.

ಪ್ರೋಗ್ರಾಮ್ ನಿಲ್ಲಿಸಿ. ಗುಂಯ್ ಇನ್ನೂ ಬರುತ್ತಿದೆಯಾ? ಬರುತ್ತಿದ್ದರೆ ಪೈಥಾನ್ ಮುಂದೆ ಕೂತು ತಲೆ ಕೆಡಿಸಿಕೊಳ್ಳಬೇಡಿ, ಅದು ಕರೆಂಟಿನ 50 ಹರ್ಟ್ಸ್. ಪೈಗೆ ಏನೇನು ವೈರ್ ಹಾಕಿದ್ದೀರಿ? ಎಚ್‌ಡಿಎಂಐನಲ್ಲಿ ಮಾನಿಟರ್ ಇದೆಯಾ? ಮಾನಿಟರ್‌ಗೆ ಮೂರು ಪಿನ್, ಆಂಪ್ಲಿಫೈಯರ್‌ಗೆ ಮೂರು ಪಿನ್, ಎರಡೂ ಬೇರೆ ಬೇರೆ ಪ್ಲಗ್‌ನಲ್ಲಿ ಅರ್ತ್ ಆಗಿ, ನಡುವೆ ಪೈ ಮತ್ತು ಆಡಿಯೊ ವೈರ್ ಮೂಲಕ ಒಂದು ಸುತ್ತು ಪೂರ್ತಿ ಆಗುತ್ತದೆ. ಇದನ್ನೇ ಗ್ರೌಂಡ್ ಲೂಪ್ ಅನ್ನುವುದು. ಮಾನಿಟರ್ ವೈರ್ ಕಿತ್ತು ನೋಡಿ, ಲ್ಯಾನ್ ಕೇಬಲ್ ಕಿತ್ತು ನೋಡಿ, ಪೈಯನ್ನು ಪವರ್ ಬ್ಯಾಂಕ್‌ನಲ್ಲಿ ಓಡಿಸಿ ನೋಡಿ. ಯಾವುದನ್ನು ಕಿತ್ತಾಗ ನಿಲ್ಲುತ್ತದೋ ಅದೇ ದಾರಿ.

ಮಾನಿಟರ್ ಬೇಕೇ ಬೇಕು ಅಂದ್ರೆ ಆಡಿಯೊ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಒಳಗೆ ಎರಡು ಪುಟಾಣಿ ಟ್ರಾನ್ಸ್‌ಫಾರ್ಮರ್ ಅಷ್ಟೇ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ವಿಷಯ ದೊಡ್ಡದಾಗಿ ಹೇಳುತ್ತೇನೆ: ಆಂಪ್ಲಿಫೈಯರ್‌ನ ಅರ್ತ್ ಪಿನ್ ಮುರಿದು ಹಾಕಿದರೆ ಗುಂಯ್ ಹೋಗುತ್ತದೆ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಹೋಗುವುದು ನಿಜ. ಒಳಗೆ ಎಲ್ಲಾದರೂ ಲೀಕ್ ಆದ ದಿನ ಮೈಕ್ ಮುಟ್ಟಿದವರೂ ಹೋಗುತ್ತಾರೆ.

ಪೈ 3ರ ಹೆಡ್‌ಫೋನ್ ಜ್ಯಾಕ್ ಬಗ್ಗೆ ಇನ್ನೊಂದು. ಅದರ ಒಳಗೆ ಸಂಖ್ಯೆಗಳನ್ನು ವೋಲ್ಟೇಜ್ ಮಾಡುವ ಸರಿಯಾದ ಡಿಎಸಿ ಚಿಪ್ ಇಲ್ಲ, ಪಲ್ಸ್‌ಗಳನ್ನು ಅಗಲ ಕಿರಿದು ಮಾಡಿ ಫಿಲ್ಟರ್ ಮಾಡಿ ಧ್ವನಿ ಹೊರಡಿಸುತ್ತದೆ. ಅದಕ್ಕೆ ಸ್ವಲ್ಪ "ಸ್ಸ್ಸ್" ಸಹಜ. ನೀವು ಪೈಯಲ್ಲಿ ವಾಲ್ಯೂಮ್ ಕಡಿಮೆ ಇಟ್ಟು ಆಂಪ್ಲಿಫೈಯರ್‌ನಲ್ಲಿ ಏರಿಸಿದ್ದರೆ ಆ ಸ್ಸ್ಸ್ ಕೂಡ ಏರುತ್ತದೆ. ಉಲ್ಟಾ ಮಾಡಿ. ಅದೂ ಸಾಲದಿದ್ದರೆ ಯುಎಸ್‌ಬಿ ಸೌಂಡ್ ಕಾರ್ಡ್.

ಧಡ್ ಬರುವುದು ಪ್ರತಿ ಸಲ ಸ್ಟ್ರೀಮ್ ತೆರೆದು ಮುಚ್ಚುವುದರಿಂದ ಇರಬೇಕು. ತೆರೆದಾಗ ಜ್ಯಾಕಿನ ವೋಲ್ಟೇಜ್ ಒಮ್ಮೆಲೆ ಏರುತ್ತದೆ. ಬೆಳಿಗ್ಗೆ ಒಮ್ಮೆ ತೆರೆದು ಸಂಜೆವರೆಗೆ ಮುಚ್ಚಬೇಡಿ, ಕೂಗಲು ಏನೂ ಇಲ್ಲದಾಗ ಸೊನ್ನೆಗಳನ್ನು ಬರೆಯುತ್ತಿರಿ. ಹೊರಗೆ ಹೋಗುವಾಗ ಟ್ರ್ಯಾಕ್ಟರ್ ಎಂಜಿನ್ ಆಫ್ ಮಾಡದೆ ನಿಲ್ಲಿಸಿದ ಹಾಗೆ, ಆದರೆ ಇದಕ್ಕೆ ಡೀಸೆಲ್ ಖರ್ಚಿಲ್ಲ.

ಬಿಟ್‌ಬೆಲ್ಲ:

ಸುಬ್ಬಣ್ಣ ಹೇಳಿದ ಸೊನ್ನೆಗೆ ಒಂದು ಬಾಲಂಗೋಚಿ. 16 ಬಿಟ್‌ನಲ್ಲಿ ನಿಶ್ಶಬ್ದ ಅಂದ್ರೆ 0, ಸರಿ. 8 ಬಿಟ್ ವೇವ್‌ನಲ್ಲಿ ನಿಶ್ಶಬ್ದ ಅಂದ್ರೆ 128. ಅಲ್ಲಿ ಸೊನ್ನೆ ತುಂಬಿಸಿದರೆ ಕೋನು ಪೂರ್ತಿ ಹಿಂದಕ್ಕೆ ಹೋಗಿ ಕೂರುತ್ತದೆ, ಪ್ರತಿ ಸಲ ದೊಡ್ಡ ಧಡ್. ಈ ಪ್ರಶ್ನೆಗೆ ಬೇಕಿಲ್ಲ, ಮುಂದೆ ಹುಡುಕಿಕೊಂಡು ಬರುವವರಿಗೆ ಇರಲಿ.

ಆ ಸಣ್ಣ ಟಿಕ್ ಬಗ್ಗೆ. ನೀವು ಪದಗಳನ್ನು ಕತ್ತರಿಸುವಾಗ ಅಲೆ ಸೊನ್ನೆಯಲ್ಲಿ ಇರುವಾಗಲೇ ಕತ್ತರಿಸಿರುವುದಿಲ್ಲ. ಒಂದು ಪದ 900ರಲ್ಲಿ ಮುಗಿದು ಮುಂದಿನದು ಮೈನಸ್ 600ರಲ್ಲಿ ಶುರುವಾದರೆ ನಡುವೆ ಒಂದು ಮೆಟ್ಟಿಲು. ಕೆಲವು ಮೈಕ್‌ಗಳಲ್ಲಿ ಪೂರ್ತಿ ಅಲೆಯೇ ಸೊನ್ನೆಗಿಂತ ಸ್ವಲ್ಪ ಮೇಲೆ ತೇಲುತ್ತಿರುತ್ತದೆ, ಅದೂ ಸೇರಿಕೊಳ್ಳುತ್ತದೆ. ಪ್ರತಿ ಫೈಲಿನ ಸರಾಸರಿ ತೆಗೆದು ಕಳೆಯಿರಿ, ಆಮೇಲೆ ಮೊದಲ 5 ಮಿಲಿಸೆಕೆಂಡ್ ನಿಧಾನಕ್ಕೆ ಏರಿಸಿ, ಕೊನೆಯ 5 ಮಿಲಿಸೆಕೆಂಡ್ ಇಳಿಸಿ. ನಿಮ್ಮ ದರದಲ್ಲಿ 110 ಸ್ಯಾಂಪಲ್.

ತೋಟದಮನೆ:

ಮಾಡಿದೆ, ಆದರೆ ಒಂದು ಎಡವಟ್ಟು. 110 ಅನ್ನುವ ಜಾಗದಲ್ಲಿ 1100 ಅಂತ ಬರೆದುಬಿಟ್ಟಿದ್ದೆ. "ಟೋಕನ್" ಹೋಗಿ "ಓಕನ್" ಆಯಿತು, "ಕೌಂಟರ್" "ಔಂಟರ್" ಆಯಿತು. ಟ, ಕ ಎಲ್ಲ ಶುರುವಿನಲ್ಲಿ ಒಂದು ಚಿಟಿಕೆ ಹೊಡೆದ ಹಾಗೆ ಬಂದು ಹೋಗುತ್ತವಲ್ಲ, 50 ಮಿಲಿಸೆಕೆಂಡ್ ಅದನ್ನೇ ನುಂಗಿತು. ಸೊಸೈಟಿ ಸೆಕ್ರೆಟರಿ ಕೇಳಿ "ಇದ್ಯಾವ ಊರ ಕನ್ನಡನಪ್ಪಾ" ಅಂದರು. 110 ಮಾಡಿದ ಮೇಲೆ ಬೆಣ್ಣೆ.

ಗುಂಯ್ ಮಾನಿಟರ್‌ನದ್ದೇ. ಕಿತ್ತ ಕೂಡಲೇ ನಿಂತಿತು. ಐಸೊಲೇಟರ್ ಹಾಕಿದ್ದೇನೆ.

ಇದೇ ತರಹ ಮಾಡಲು ಹೊರಟವರಿಗೆ ಒಂದು ಮಾತು. ಇಂಗ್ಲಿಷ್‌ನವರು ಟ್ವೆಂಟಿ, ಒನ್ ಅಂತ ಎರಡು ಫೈಲ್ ಸೇರಿಸಿ ಕೆಲಸ ಮುಗಿಸುತ್ತಾರೆ. ನಾನೂ ಶುರುವಿನಲ್ಲಿ ಹಾಗೇ "ಇಪ್ಪತ್ತು", "ಒಂದು" ಸೇರಿಸಿದ್ದೆ, ಹಣ ಎಣಿಸುವ ಮಗು ಹೇಳಿದ ಹಾಗೆ ಕೇಳಿಸಿತು. ನಮ್ಮದರಲ್ಲಿ ಸಂಧಿ ಬರುತ್ತದೆ, ಇಪ್ಪತ್ತೊಂದು ಇಪ್ಪತ್ತೊಂದೇ. ಹಾಗಾಗಿ 1ರಿಂದ 99 ಪೂರ್ತಿ ರೆಕಾರ್ಡ್ ಮಾಡಿಸಿ. ನೂರು, ಇನ್ನೂರು, ಮುನ್ನೂರು ಅಂತ ಒಂಬೈನೂರರವರೆಗೆ 9. ಮುಂದೆ ಸಂಖ್ಯೆ ಬರುವಾಗ ನೂರ, ಇನ್ನೂರ, ಮುನ್ನೂರ ಅಂತ ಇನ್ನೊಂದು 9. ಒಟ್ಟು 117 ಫೈಲ್‌ನಲ್ಲಿ 999ರವರೆಗೆ ಆಯಿತು. ಮತ್ತೆ ಎಲ್ಲವನ್ನೂ ಒಂದೇ ದಿನ, ಒಂದೇ ಕೋಣೆಯಲ್ಲಿ, ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡಿ. ನಂಗೆ ಒಂದು ದಿನ ಕುಕ್ಕರ್ ಸಿಳ್ಳೆ ಬೇರೆ ಬಂದಿತ್ತು.

ತೋಟದಮನೆ:

ಮತ್ತೆ ನಾನೇ. ನಗಬೇಡಿ.

ಎಲ್ಲ ಶುದ್ಧವಾದ ಮೇಲೆ ಹೊಸ ದೂರು. ಮೊದಲು ಟಪ್ ಅಂದ ಕೂಡಲೇ ಜನ ತಲೆ ಎತ್ತಿ ಕೇಳಿಸಿಕೊಳ್ಳುತ್ತಿದ್ದರಂತೆ. ಈಗ ಮಾತಿನಲ್ಲಿ ಮುಳುಗಿ ನಂಬರ್ ತಪ್ಪಿಸಿಕೊಳ್ಳುತ್ತಿದ್ದಾರೆ. ಒಬ್ಬರು ಅಜ್ಜ ನನ್ನನ್ನೇ ಹಿಡಿದು "ಆ ಟಪ್ ಯಾಕೋ ತೆಗೆದೆ ಮಗಾ" ಅಂದರು. ಅದಕ್ಕೆ ಒಂದು ಗಂಟೆ ಶಬ್ದ ಸೇರಿಸೋಣ ಅಂತ ನಮ್‌ಪೈ ಅನ್ನುವ ಪೈಥಾನ್‌ನ ಲೆಕ್ಕದ ಲೈಬ್ರರಿಯಲ್ಲಿ ಗಂಟೆಯ ಮತ್ತು ಮಾತಿನ ಸ್ಯಾಂಪಲ್‌ಗಳನ್ನು ಕೂಡಿಸಿದೆ, ಗಂಟೆ ಮುಗಿಯುತ್ತಾ ಬರುವಾಗ ಮಾತು ಶುರುವಾಗುವ ಹಾಗೆ. ಎರಡೂ ಜೋರಾಗಿರುವ ಜಾಗದಲ್ಲಿ "ಬರ್ರ್" ಅಂತ ಹರಿದ ಹಾಗೆ ಬರುತ್ತದೆ. ಇದು ಇನ್ನೊಂದು ಹೊಸ ಶಬ್ದ.

ಹೆಕ್ಸ್‌ರಾಯ:

ನಕ್ಕೆ, ಕ್ಷಮಿಸಿ. 16 ಬಿಟ್ ಸಂಖ್ಯೆಗಳನ್ನು ಹಾಗೇ ಕೂಡಿದರೆ ನಮ್‌ಪೈ ಮೀರಿದ್ದನ್ನು ಸುತ್ತಿಸಿ ಹಿಂದಿನಿಂದ ತರುತ್ತದೆ. 30000 ಕೂಡು 5000 ಅಂದ್ರೆ 35000 ಆಗಬೇಕು, ಅದಕ್ಕೆ ಜಾಗ ಇಲ್ಲ, ಮೈನಸ್ 30536 ಆಗುತ್ತದೆ. ಕೋನು ಪೂರ್ತಿ ಮುಂದೆ ಇದ್ದದ್ದು ಒಂದೇ ಸ್ಯಾಂಪಲ್‌ಗೆ ಪೂರ್ತಿ ಹಿಂದೆ. 32 ಬಿಟ್‌ಗೆ ಬದಲಾಯಿಸಿ ಕೂಡಿ, ಎರಡು ತುದಿಗೂ ಮಿತಿ ಹಾಕಿ ಕತ್ತರಿಸಿ, ಆಮೇಲೆ ವಾಪಸ್ 16ಕ್ಕೆ ತನ್ನಿ. ಕೂಡುವ ಮುಂಚೆ ಎರಡನ್ನೂ ಅರ್ಧ ಮಾಡಿದರೆ ಕತ್ತರಿಸುವ ಅಗತ್ಯವೂ ಬೀಳುವುದಿಲ್ಲ.

ಕೀಲಿಮಣೆ:

ಅಥವಾ ಗಂಟೆ ಮುಗಿದ ಮೇಲೆ ಮಾತು ಶುರು ಮಾಡಿ. ಕೂಡುವುದೇ ಬೇಡ.

ತೋಟದಮನೆ:

ಕೀಲಿಮಣೆಯವರಿಗೆ ಈಗ ಎರಡು ಕಾಫಿ ಬಾಕಿ. ಗಂಟೆ, 200 ಮಿಲಿಸೆಕೆಂಡ್ ಸೊನ್ನೆ, ಆಮೇಲೆ ಅತ್ತಿಗೆ. ಅಜ್ಜ ಒಪ್ಪಿದರು.